ಗಲಗಲ ಅನ್ನುವ ಬಲ್ಬು

ಮನೆಗಳಿಗೆ ವೈರಿಂಗ್ ಮಾಡಿಕೊಡುವ ಕಂತ್ರಾಟು ಹಿಡಿದು ನಾನು ಹೊಟ್ಟೆ ಹೊರೆದುಕೊಂಡದ್ದು ಮಹಾರಾಜರ ಕಾಲದಲ್ಲಿ, ಅದೂ ನಮ್ಮ ದುರ್ಗದ ಸೀಮೆಯಲ್ಲಿ. ತಂತಿ ಎಳೆಯುವುದು, ಗೋಡೆ ಕೊರೆಯುವುದು, ಸ್ವಿಚ್ಚು ಕೂರಿಸುವುದು ಇವೆಲ್ಲ ಕೈಕೆಲಸ, ಕಲಿತರೆ ಬರುತ್ತದೆ. ರೇಟು ಹೇಳುವುದು ಮಾತ್ರ ನನಗೆ ಕೊನೆಯವರೆಗೂ ಬರಲಿಲ್ಲ. ಬಂದಿದ್ದರೂ ಏನೂ ಪ್ರಯೋಜನವಿರಲಿಲ್ಲ ಅನ್ನಿ, ನಮ್ಮ ಕಡೆಯ ಜನ ರೇಟು ಕೇಳುವ ರೀತಿಯೇ ಬೇರೆ.

ಬೆಂಗಳೂರಿನಲ್ಲಿ ನಾನು ಕೆಲಸ ಕಲಿತ ಕಡೆ ಲೆಕ್ಕ ಬಹಳ ಸುಲಭವಾಗಿತ್ತು. ಒಂದು ದೀಪ, ಅದಕ್ಕೊಂದು ಸ್ವಿಚ್ಚು, ಅಲ್ಲಿಯವರೆಗಿನ ತಂತಿ, ತಂತಿ ಮುಚ್ಚುವ ಮರದ ಪಟ್ಟಿ, ಎಲ್ಲ ಸೇರಿ ಒಂದು ಪಾಯಿಂಟು. ಪಾಯಿಂಟಿಗೆ ಇಷ್ಟು ಎಂದು ಹೇಳಿದರೆ ಮನೆಯವರು ಹೂಂ ಅನ್ನುತ್ತಿದ್ದರು ಇಲ್ಲವೇ ಊಹೂಂ ಅನ್ನುತ್ತಿದ್ದರು. ಪ್ರಪಂಚವೆಲ್ಲ ಹೀಗೇ ಇರುತ್ತದೆ ಎಂದುಕೊಂಡು ಊರಿಗೆ ವಾಪಸು ಬಂದೆ.

ಮೊದಲ ಪೆಟ್ಟು ಕೊಟ್ಟದ್ದು ದುರ್ಗದ ಗೋಡೆಗಳು. ಕೋಟೆ ಕಟ್ಟಿದವರ ಮೊಮ್ಮಕ್ಕಳಲ್ಲವೇ, ಮನೆ ಕಟ್ಟುವಾಗಲೂ ನಾಳೆ ಯಾರೋ ಮುತ್ತಿಗೆ ಹಾಕುತ್ತಾರೆ ಅನ್ನುವ ಹಾಗೆ ಕಟ್ಟಿದ್ದರು. ನಡುಮನೆಯಿಂದ ಪಕ್ಕದ ಕೋಣೆಗೆ ತಂತಿ ದಾಟಿಸಬೇಕೆಂದರೆ ಅರ್ಧ ದಿನ ಉಳಿ ಹಿಡಿದು ಕುಟ್ಟಬೇಕು. ಬೆಂಗಳೂರಿನ ರೇಟಿನಲ್ಲಿ ಕುಟ್ಟುವವನ ಕೂಲಿಯೂ ಹುಟ್ಟುತ್ತಿರಲಿಲ್ಲ. ಹಾಗಾಗಿ ರೇಟು ಸ್ವಲ್ಪ ಏರಿಸಿದೆ. ಮನೆಯ ಯಜಮಾನ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಗೋಡೆ ನಮ್ದು, ಕಲ್ಲೂ ನಮ್ದು. ಅದ್ರಾಗಿನ ತೂತೂ ನಮ್ದೇ ಆತಲ್ಲ. ನಮ್ಮ ತೂತಿಗೆ ನಾವ್ಯಾಕಪ್ಪ ನಿಂಗೆ ದುಡ್ಡು ಕೊಡಾಣ?” ಎಂದರು.

ಹಿರಿಯೂರಿನಲ್ಲಿ ಒಬ್ಬರು ಅಂಗಳದ ದೀಪಕ್ಕೆ ಅರ್ಧ ರೇಟು ಮಾತ್ರ ಕೊಡುತ್ತೇನೆಂದು ಪಟ್ಟು ಹಿಡಿದು ಕೂತರು. ಯಾಕೆಂದು ಕೇಳಿದರೆ, ಶುಕ್ಲಪಕ್ಷ ಪೂರ್ತಿ ಅಂಗಳಕ್ಕೆ ಬೆಳದಿಂಗಳು ತಾನಾಗಿ ಬರುತ್ತದಂತೆ. ನಾನು ಬೆಳಕು ಕೊಡುವುದು ಕೃಷ್ಣಪಕ್ಷಕ್ಕೆ ಮಾತ್ರವಂತೆ. ಹೊರಕೆರೆದೇವಪುರದಲ್ಲಿ ಇದಕ್ಕಿಂತ ಮೇಲು. ಅಲ್ಲಿಗೆ ಕರೆಂಟಿನ ಕಂಬವೇ ಬಂದಿರಲಿಲ್ಲ, ಬರುವ ಸುದ್ದಿಯೂ ಇರಲಿಲ್ಲ. ದೇವರ ದರ್ಶನಕ್ಕೆ ಹೋದವನನ್ನು ಕುರಿ ಸಾಕಿ ಅನುಕೂಲವಾಗಿದ್ದ ಗೌಡರೊಬ್ಬರು ಹಿಡಿದು ಕೂರಿಸಿಕೊಂಡು ಮಧ್ಯಾಹ್ನ ಪೂರ್ತಿ ಚೌಕಾಸಿ ಮಾಡಿದರು. “ಕರೆಂಟು ಬಂದಾಗ ಬರ್ಲಿ ಬಿಡಪ್ಪ, ರೇಟು ಇವತ್ತೇ ಮಾತಾಡ್ಕಳಾಣ” ಎಂದರು. ಕೊನೆಗೆ ಎಲೆಅಡಿಕೆ ಕೊಟ್ಟು ತೆಗೆದುಕೊಂಡು ಒಪ್ಪಂದವಾಯಿತು. ನನಗೆ ತಿಳಿದ ಮಟ್ಟಿಗೆ ಆ ಒಪ್ಪಂದ ಈಗಲೂ ಜಾರಿಯಲ್ಲಿದೆ.

ಇವೆಲ್ಲ ಬರೀ ತಲೆನೋವು. ಆದರೆ ನನ್ನ ಬಾಳಿನಲ್ಲಿ ಒಂದೇ ಒಂದು ರೇಟು ಹೇಳಲು ಹೆದರಿದ್ದೆ. ಅದು ಹೊಸದುರ್ಗದ ಕೊಬ್ಬರಿ ಮಂಡಿಯ ಸಾಹುಕಾರರ ಮನೆಯ ರೇಟು. ಅವರ ಕೊನೆಯ ಮಗಳನ್ನು ನನಗೆ ಕೊಡುವ ಮಾತು ಆಗ ನಡೆದಿತ್ತು.

ಆ ಸಂಬಂಧ ತಂದವರು ನನ್ನ ಸೋದರಮಾವ. ಹೊಳಲ್ಕೆರೆಯಲ್ಲಿ ಅವರದು ಸಣ್ಣ ತೆಂಗಿನಕಾಯಿ ವ್ಯಾಪಾರ, ಮಾಲು ಹಾಕುತ್ತಿದ್ದದ್ದು ಇದೇ ಸಾಹುಕಾರರ ಮಂಡಿಗೆ. ಹೆಣ್ಣು ನೋಡಲು ಹೋದದ್ದು ಸುಡುಬಿಸಿಲಿನ ಮಧ್ಯಾಹ್ನ. ಆದರೆ ಆ ಮನೆಯ ನಡುಮನೆಗೆ ಕಿಟಕಿ ಅನ್ನುವುದೇ ಇರಲಿಲ್ಲ. ಬಿಸಿಲಿನಿಂದ ಒಳಗೆ ಕಾಲಿಟ್ಟವನಿಗೆ ಕಣ್ಣು ಕಟ್ಟಿದಂತಾಯಿತು. ಮಾವ ನನ್ನ ಕೈ ಹಿಡಿದು ಎಲ್ಲಿಯೋ ಒಂದು ಕಡೆ ಕೂರಿಸಿದರು. ಸ್ವಲ್ಪ ಹೊತ್ತಿಗೆ ಅಡಿಗೆಮನೆಯ ಹೊಗೆಯಿಂದ ಕಣ್ಣುಜ್ಜಿಕೊಳ್ಳುತ್ತ ಹುಡುಗಿ ಬಂದಳು, ತಟ್ಟೆಯಲ್ಲಿ ಅವಲಕ್ಕಿ. ಬಹಳ ಗೌರವದಿಂದ ಬಗ್ಗಿ ತಟ್ಟೆ ಇಟ್ಟು, “ತಗಳ್ರಿ” ಎಂದಳು. ಇಟ್ಟದ್ದು ನನ್ನ ಮುಂದೆ ಅಲ್ಲ, ನನ್ನ ಪಕ್ಕದಲ್ಲಿದ್ದ ಕಂಬದ ಮುಂದೆ. ಕಂಬ ತಗೊಳ್ಳಲಿಲ್ಲ. ನಾನು ಸಣ್ಣಗೆ ಕೆಮ್ಮಿದೆ. ಅವಳು ದನಿ ಬಂದ ಕಡೆ ತಿರುಗಿ, ಕಂಬವನ್ನೊಮ್ಮೆ ನೋಡಿ, ಹಿರಿಯರೆಲ್ಲ ಕೂತಿದ್ದಾರೆ ಅನ್ನುವುದನ್ನೂ ಮರೆತು ಗಟ್ಟಿಯಾಗಿ ನಕ್ಕುಬಿಟ್ಟಳು. ಮನೆಯವರಿಗೆಲ್ಲ ಮುಜುಗರವಾಯಿತು. ನನಗೆ ಮಾತ್ರ ಇವಳನ್ನು ಬಿಟ್ಟು ಇನ್ಯಾರೂ ಬೇಡ ಅನ್ನಿಸಿತು. ಮುಖ ಇನ್ನೂ ಸರಿಯಾಗಿ ಕಂಡಿರಲಿಲ್ಲ ಅನ್ನುವುದು ಆಮೇಲೆ ನೆನಪಾಯಿತು.

ಸಾಹುಕಾರರು ಹೂಂ ಅನ್ನಲಿಲ್ಲ, ಊಹೂಂ ಕೂಡ ಅನ್ನಲಿಲ್ಲ. ಅವರು ಯಾವುದಕ್ಕೂ ಬೇಗ ಬಾಯಿಬಿಡುವ ಆಸಾಮಿಯಲ್ಲ. ನಾವು ಹೊರಡುವಾಗ ಜಗಲಿಯ ಮೇಲೆ ನಿಂತು ಮಾವನಿಗೆ ಹೇಳಿದರು, “ಊರಿಗೆ ಕರೆಂಟು ಬರ್ತೈತಂತೆ. ನಮ್ಮನಿಗೂ ಹಾಕಿಸ್ಬೇಕು. ನಿಮ್ಮ ಹುಡುಗ ಬಂದು ರೇಟು ಹೇಳ್ಲಿ. ಮನುಷ್ಯ ಎಂಥಾವ್ನು ಅಂತ ರೇಟು ಹೇಳಿದಾಗ ಗೊತ್ತಾಗ್ತೈತೆ. ಹೆಣ್ಣಿನ ಮಾತು ಆಮೇಲೆ ಆಡಾಣ.”

ಗಾಡಿಯಲ್ಲಿ ವಾಪಸು ಬರುವಾಗ ಮಾವ ತಲೆಯ ಮೇಲೆ ಕೈ ಹೊತ್ತು ಕೂತರು. “ಲೇ, ಜಾಸ್ತಿ ಹೇಳಿದ್ಯೋ, ಈತ ಸುಲಿಯಾವ್ನು ಅಂತ ಹೆಣ್ಣು ಕೊಡಲ್ಲ. ಕಡಿಮೆ ಹೇಳಿದ್ಯೋ, ಇವನ ಮನ್ಯಾಗೆ ನನ್ನ ಮಗಳು ಉಪವಾಸ ಬೀಳ್ತಾಳೆ ಅಂತ ಕೊಡಲ್ಲ.”

“ಹಂಗಾದ್ರೆ ಎಷ್ಟು ಹೇಳ್ಲಿ ಮಾವ?”

“ಸರಿಯಾಗಿ ಹೇಳು” ಎಂದರು ಮಾವ.

ಈ ಸಾಹುಕಾರರ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಹಾಗೇ ಬಿಡುತ್ತಾರೆ. ಒಳಗಿನ ನೀರು ಬತ್ತಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಒಡೆಯದೆ ಅದನ್ನು ತಿಳಿಯುವ ದಾರಿ ಒಂದೇ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ಗಲಗಲ ಎಂದರೆ ಪಕ್ಕಾ ಮಾಲು, ಒಳ್ಳೆಯ ರೇಟು. ಸುಮ್ಮನಿದ್ದರೆ ಹಸಿ, ಮತ್ತೆ ಅಟ್ಟಕ್ಕೆ. ಈ ವಿದ್ಯೆಯಲ್ಲಿ ಸಾಹುಕಾರರ ಕಿವಿಗೆ ಸಮನಾದ ಕಿವಿ ಆ ಸೀಮೆಯಲ್ಲಿರಲಿಲ್ಲ. ಅವರು ಒಂದು ಕಾಯಿ ಅಲ್ಲಾಡಿಸಿ ತಲೆದೂಗಿದರೆ ಇಡೀ ಗಾಡಿಯ ಮಾಲಿಗೆ ರೇಟು ಕಟ್ಟಿದಂತೆ. ಎರಡನೆಯ ಮಾತಿಲ್ಲ. ವಾಸ್ತವದಲ್ಲಿ ಅವರ ಅಂಗಡಿ, ಮನೆ, ಮರ್ಯಾದೆ ಎಲ್ಲ ನಿಂತಿದ್ದದ್ದು ಆ ಎರಡು ಕಿವಿಗಳ ಮೇಲೆ.

ಅಂಥವರ ಮನೆಗೆ ರೇಟು ಹೇಳಲು ಹೊರಟಾಗ ನಾನು ಬಲ್ಬಿನ ಪೆಟ್ಟಿಗೆಯನ್ನೂ ಜೊತೆಗೆ ಒಯ್ದೆ. ಬೆಂಗಳೂರಿನಿಂದ ರೈಲಿನಲ್ಲಿ ತರಿಸಿದ ಮಾಲು, ಹುಲ್ಲಿನಲ್ಲಿ ಸುತ್ತಿ ಮರದ ಪೆಟ್ಟಿಗೆಗೆ ತುಂಬಿದ್ದು. ಇಳಿಸಿಕೊಂಡದ್ದು ಹೊಸದುರ್ಗ ರೋಡ್ ಸ್ಟೇಷನ್ನಿನಲ್ಲಿ. ಆ ಸ್ಟೇಷನ್ನಿಗೆ ಆ ಹೆಸರು ಇಟ್ಟವರು ಪ್ರಾಮಾಣಿಕರು, ಅಲ್ಲಿ ರೋಡು ಮಾತ್ರ ಇದೆ, ಹೊಸದುರ್ಗ ಎಲ್ಲೋ ಇದೆ. ಅಲ್ಲಿಂದ ಊರಿನವರೆಗೆ ಎತ್ತಿನ ಗಾಡಿಯಲ್ಲಿ ಕುಲುಕಿಸಿಕೊಂಡು ಬರುವಷ್ಟರಲ್ಲಿ ನನ್ನ ಸೊಂಟವೂ ಹೋಗಿತ್ತು, ಸುಮಾರು ಬಲ್ಬುಗಳೊಳಗೆ ಕಾದು ಬೆಳಗುವ ತಂತಿಯ ಎಳೆಯೂ ಹೋಗಿತ್ತು. ಎಳೆ ತುಂಡಾದರೆ ಬಲ್ಬು ಸತ್ತಂತೆ. ಕರೆಂಟು ಕೊಟ್ಟರೂ ಹತ್ತುವುದಿಲ್ಲ. ಇಳಿದುಕೊಂಡಿದ್ದ ಛತ್ರದಲ್ಲಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಕೆಟ್ಟವನ್ನೆಲ್ಲ ಒಂದು ಚೀಲಕ್ಕೆ ಹಾಕಿ ಬೇರೆ ಇಟ್ಟೆ. ಅಂಗಡಿಗೆ ವಾಪಸು ಕಳಿಸಬೇಕಿತ್ತು, ಹಾಗಾಗಿ ಆ ಚೀಲವನ್ನೂ ಜೊತೆಗೇ ಹಿಡಿದುಕೊಂಡು ಹೊರಟೆ.

ಮಂಡಿಯ ಜಗಲಿಯ ಮೇಲೆ ಆವತ್ತು ಜನವೋ ಜನ. ಗಾಡಿ ಹೊಡೆದುಕೊಂಡು ಬಂದ ರೈತರು, ದಲ್ಲಾಳಿಗಳು, ಹಮಾಲರು, ಎಲ್ಲರಿಗೂ ಕರೆಂಟಿನ ರೇಟು ಕೇಳುವ ಕುತೂಹಲ. ಅದರ ಹಿಂದೆ ಹೆಣ್ಣಿನ ಮಾತಿದೆ ಅನ್ನುವುದೂ ಎಲ್ಲರಿಗೂ ಗೊತ್ತಿತ್ತು. ಒಳಬಾಗಿಲು ಅರ್ಧ ತೆರೆದಿತ್ತು. ಆ ಕಡೆಯಿಂದ ಬಳೆಯ ಸದ್ದು ಒಂದು ಸಲ ಕೇಳಿಸಿತು.

ನಾನು ಎದೆ ಗಟ್ಟಿ ಮಾಡಿಕೊಂಡು, “ಪಾಯಿಂಟಿಗೆ ಐದು ರೂಪಾಯಿ ಯಜಮಾನ್ರೆ. ಎಲ್ಲಿ ಹಾಕಿದ್ರೂ ಅಷ್ಟೇ” ಎಂದೆ.

ಸಾಹುಕಾರರು ಬೆರಳು ಮಡಿಚಿ ಎಣಿಸಿದರು. “ಜಗಲಿ ದೀಪಕ್ಕೂ ಐದು, ಹಿತ್ತಲ ಕೊಟ್ಟಿಗೆ ದೀಪಕ್ಕೂ ಐದಾ?”

“ಹೌದು.”

“ಕೊಟ್ಟಿಗೆಗೆ ತಂತಿ ಜಾಸ್ತಿ ಹಿಡೀತೈತಲ್ಲಪ್ಪ?”

“ಹಿಡೀತೈತೆ. ಹತ್ತಿರದ್ದು ದೂರದ್ದು ಎಲ್ಲಾ ಸೇರಿಸಿ ಸರಾಸರಿ ಹೇಳೋದು.”

“ಹಂಗಾದ್ರೆ ಜಗಲಿಗೆ ಹಾಕಿಸ್ಕಂಡೋನು ದಡ್ಡ” ಎಂದು ಸಾಹುಕಾರರು ತೀರ್ಪು ಕೊಟ್ಟರು. ಕೂತವರೆಲ್ಲ ಅಹುದೆಂದು ತಲೆದೂಗಿದರು. ಅಲ್ಲಿಂದ ನನ್ನ ಅಳತೆಯೆಲ್ಲ ತಲೆಕೆಳಗಾಯಿತು. ಒಂದೇ ರೇಟು ಅಂದ ಮೇಲೆ ದೂರದ್ದೇ ಲಾಭ ಎಂದು ಅವರು ದೀಪಗಳನ್ನು ಒಂದೊಂದಾಗಿ ಹಿಂದಕ್ಕೆ ಅಟ್ಟತೊಡಗಿದರು. ಕೊಟ್ಟಿಗೆಗೆ ಒಂದು, ಬಚ್ಚಲಿಗೆ ಒಂದು, ಕೊಬ್ಬರಿ ಅಟ್ಟಕ್ಕೆ ಎರಡು, ಹಿತ್ತಲ ಬಾವಿಗೆ ಒಂದು, ಅದರಾಚೆ ಹುಲ್ಲಿನ ಬಣವೆಗೆ ಒಂದು. ಹುಲ್ಲಿನ ಬಣವೆಗೆ ದೀಪ ಬೇಡ, ಬೆಂಕಿ ಹತ್ತೀತು ಎಂದು ನಾನು ಬೇಡಿಕೊಂಡೆ. “ಹಂಗಾದ್ರೆ ಅದ್ರ ಪಕ್ಕದ ಹುಣಸೇಮರಕ್ಕೆ ಹಾಕು” ಎಂದರು. ನಡುಮನೆಗೆ ದೀಪವೇ ಇಲ್ಲ. ಬಂದವರು ಕತ್ತಲಲ್ಲಿ ಕೂರಬೇಕಾಗುತ್ತದೆ ಎಂದಾಗ, “ಇಷ್ಟು ವರ್ಷ ಕುಂತಿಲ್ವಾ?” ಎಂದರು. ಕೊನೆಗೆ ನನ್ನ ಜೊತೆ ಬಂದಿದ್ದ ಮಾವ ನಡುವೆ ಬಾಯಿ ಹಾಕಿ, ಹುಣಸೇಮರವನ್ನು ಬಿಡಿಸಿ ನಡುಮನೆಗೆ ಒಂದು, ದೇವರ ಕೋಣೆಗೆ ಒಂದು, ಜಗಲಿಗೆ ಒಂದು ಒಪ್ಪಿಸಿದರು. ಜಗಲಿಯ ದೀಪಕ್ಕೆ ಐದು ರೂಪಾಯಿ ಒಪ್ಪುವಾಗ ಸಾಹುಕಾರರ ಮುಖದಲ್ಲಿ ಕಂಡ ಸಂಕಟ ಹೇಳತೀರದು. ಅಡಿಗೆಮನೆಯ ಸುದ್ದಿ ಯಾರೂ ಎತ್ತಲಿಲ್ಲ. ಒಲೆಯಲ್ಲಿ ಬೆಂಕಿ ಇರುತ್ತದಲ್ಲ, ಬೆಳಕು ಯಾಕೆ ಅನ್ನುವ ಕಾಲ ಅದು.

“ಆತು, ಬಲ್ಬು ತೋರ್ಸು” ಎಂದರು ಸಾಹುಕಾರರು.

ನಾನು ಪೆಟ್ಟಿಗೆ ತೆರೆದು ಒಂದು ಬಲ್ಬು ಕೊಟ್ಟೆ. ಅವರು ಅದನ್ನು ಮೂರು ಬೆರಳಲ್ಲಿ ಹಿಡಿದು, ಕಣ್ಣು ಮುಚ್ಚಿ, ಕಿವಿಯ ಹತ್ತಿರ ತಂದು ಅಲ್ಲಾಡಿಸಿದರು. ಸಾಹುಕಾರರು ಕಣ್ಣು ತೆರೆದು, “ಹಸಿ” ಎಂದು ಪಕ್ಕಕ್ಕಿಟ್ಟರು.

ಇನ್ನೊಂದು ಕೊಟ್ಟೆ. “ಇದೂ ಹಸಿ.” ಮತ್ತೊಂದು. “ಶುದ್ಧ ಹಸಿ. ಏನಪ್ಪ, ಎಲ್ಲಾ ಎಳೇ ಮಾಲು ತಂದೀಯಲ್ಲ?”

ಅಷ್ಟರಲ್ಲಿ ಅವರ ಕಣ್ಣು ನನ್ನ ಕಾಲ ಬಳಿಯಿದ್ದ ಚೀಲದ ಮೇಲೆ ಬಿತ್ತು. ಕೈ ಹಾಕಿ ಒಂದನ್ನು ತೆಗೆದು ಅಲ್ಲಾಡಿಸಿದರು. ತುಂಡಾದ ಎಳೆ ಗಾಜಿಗೆ ತಾಗಿ ಸಣ್ಣಗೆ ಗಲಗಲ ಎಂದಿತು. ಅವರ ಮುಖ ಅರಳಿತು. ಇನ್ನೊಂದು ತೆಗೆದರು, ಅದೂ ಗಲಗಲ. “ಆಹಾ! ಪಕ್ಕಾ! ಒಳಗೆಲ್ಲ ಬಿಟ್ಕಂಡೈತೆ ನೋಡ್ರಿ” ಎಂದು ಪಕ್ಕದವರ ಕಿವಿಗೂ ಹಿಡಿದರು. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿ, “ಒಳ್ಳೆ ಮಾಲು ಚೀಲದಾಗೆ ಬಚ್ಚಿಟ್ಟು ನಮಗೆ ಹಸೀದು ತೋರಿಸ್ತೀಯೇನಪ್ಪ?” ಎಂದರು.

ಹೆಣ್ಣು ಕೈತಪ್ಪಿತು ಎಂದುಕೊಂಡೆ. ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ, “ಇಲ್ಲ ಯಜಮಾನ್ರೆ, ಚೀಲದಾಗಿನವು ಕೆಟ್ಟವು. ಗಾಡಿ ಕುಲುಕಿಗೆ ಒಳಗಿನ ಎಳೆ ತುಂಡಾಗೈತೆ. ಅವು ಹತ್ತೋದಿಲ್ಲ. ಸದ್ದು ಮಾಡದೇ ಇರೋವೇ ಒಳ್ಳೆವು” ಎಂದೆ.

ಇಡೀ ಜಗಲಿ ನಕ್ಕಿತು. ಒಬ್ಬ ದಲ್ಲಾಳಿಯಂತೂ ಹೆಗಲ ಮೇಲಿನ ಟವಲಿನಿಂದ ಕಣ್ಣೊರೆಸಿಕೊಂಡ. ಸಾಹುಕಾರರ ಕಿವಿಗೆ ಪಾಠ ಹೇಳಲು ದುರ್ಗದಿಂದ ಹುಡುಗ ಬಂದಿದ್ದಾನಲ್ಲ ಎಂದು ಅವರಿಗೆ ಸೋಜಿಗ. ನಾನು ಬಲ್ಬನ್ನು ಬೆಳಕಿಗೆ ಹಿಡಿದು ತುಂಡಾದ ಎಳೆಯನ್ನು ತೋರಿಸಿದೆ. ಸಾಹುಕಾರರು ಸಮಾಧಾನದಿಂದ, “ಅದೇ ನಾನೂ ಹೇಳ್ತಿರಾದು. ತಿರುಳು ಚಿಪ್ಪು ಬಿಟ್ಟೈತೆ. ಬಿಡ್ಲೇಬೇಕು” ಎಂದರು. ಹಚ್ಚಿ ತೋರಿಸೋಣವೆಂದರೆ ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಸಾಕ್ಷಿ ಹೇಳಲು ನನ್ನ ಕಡೆ ಯಾರೂ ಇರಲಿಲ್ಲ. ಮಾವ ಹಿಂದಿನಿಂದ ನನ್ನ ಪಂಚೆ ಎಳೆದು ಕೂರಿಸಿದರು.

ಸತ್ತ ಬಲ್ಬುಗಳಿಗೆ ನಾನು ದುಡ್ಡು ಬೇಡವೆಂದೆ. ಅದನ್ನೂ ಅವರು ವ್ಯಾಪಾರದ ವರಸೆ ಎಂದೇ ತಿಳಿದು, ಪಕ್ಕಾ ಮಾಲಿಗೆ ಪಕ್ಕಾ ರೇಟು ಎಂದು ಒಂದೊಂದಕ್ಕೆ ಎರಡಾಣೆ ಮೇಲೆ ಹಾಕಿ ತೆಗೆದುಕೊಂಡರು. ಮಂಡಿಯ ಪದ್ಧತಿಯಂತೆ ಆರಿಸಿದ ಮಾಲಿಗೆ ಸುಣ್ಣದ ಬೊಟ್ಟು ಇಟ್ಟರು. ಹಸಿ ಎಂದು ತಳ್ಳಿದ ಒಳ್ಳೆಯ ಬಲ್ಬುಗಳನ್ನು ವಾಪಸು ಪೆಟ್ಟಿಗೆಗೆ ತುಂಬಿ, “ನಮ್ಮ ಅಟ್ಟದಾಗೆ ಇರ್ಲಿ, ಒಣಗ್ತವೆ. ಮುಂದಿನ ವರ್ಷ ಬಂದು ತಗಂಡೋಗು” ಎಂದು ಮೇಲಕ್ಕೆ ಸಾಗಿಸಿದರು. ಅದು ನನ್ನ ಮೇಲಿನ ಕರುಣೆಯಿಂದ ಮಾಡಿದ್ದು.

ಎಲ್ಲ ಮುಗಿಯಿತು ಅನ್ನುವಾಗ ಅವರು, “ಕೊಸರು?” ಎಂದರು. ನಮ್ಮ ಕಡೆ ಕೊಸರಿಲ್ಲದೆ ಯಾವ ವ್ಯಾಪಾರವೂ ಆಗುವುದಿಲ್ಲ. ಸೇರು ಅಳೆದ ಮೇಲೆ ಒಂದು ಹಿಡಿ, ನೂರು ಕಾಯಿಗೆ ಮೇಲೆ ಒಂದೆರಡು ಕಾಯಿ, ಬಿಟ್ಟಿಯಾಗಿ ಕೊಡಲೇಬೇಕು. ಒಂದು ಪಾಯಿಂಟು ಕೊಸರು ಕೊಡುತ್ತೇನೆಂದು ಒಪ್ಪಿಕೊಂಡೆ. ಆದರೆ ಕೊಸರಿಗೆ ಪಕ್ಕಾ ಮಾಲು ಕೇಳುವುದು ಮರ್ಯಾದೆಯಲ್ಲ. ಹಾಗಾಗಿ ಸಾಹುಕಾರರು ಅಟ್ಟಕ್ಕೆ ಹೊರಟ ಪೆಟ್ಟಿಗೆಯಿಂದ ಒಂದು ಹಸಿ ಬಲ್ಬು ಎತ್ತಿಟ್ಟುಕೊಂಡರು. ಅದನ್ನು ಎಲ್ಲಿ ಹಾಕುವುದು? ಹುಣಸೇಮರದ ಆಸೆ ಅವರಿಗೆ ಇನ್ನೂ ಹೋಗಿರಲಿಲ್ಲ. ಯೋಚಿಸುತ್ತ ನೀರು ಕುಡಿಯಲು ಒಳಗೆ ಹೋದವರು ಬಾಯೊರೆಸಿಕೊಳ್ಳುತ್ತ ಹೊರಗೆ ಬಂದು, “ಅಡಿಗೆಮನಿಗೆ ಹಾಕು. ಹೆಂಗಸರಿಗೆ ಹಸೀದೇ ಸಾಕು” ಎಂದರು.

ಕೆಲಸ ನಡೆದಷ್ಟು ದಿನವೂ ನನಗೆ ಊಟ ಸೇರಲಿಲ್ಲ. ಗೋಡೆ ಕೊರೆದೆ, ಪಟ್ಟಿ ಹೊಡೆದೆ, ಬಲ್ಬು ಸಿಕ್ಕಿಸುವ ಪಿಂಗಾಣಿ ಬಟ್ಟಲು ಕೂರಿಸಿದೆ. ಕದ್ದು ಬಲ್ಬು ಬದಲಾಯಿಸಿಬಿಡೋಣವೆಂದರೆ ಸುಣ್ಣದ ಬೊಟ್ಟು, ಅದರ ಮೇಲೆ ಏಣಿಯ ಬುಡದಲ್ಲಿ ಸ್ವತಃ ಸಾಹುಕಾರರು. ಪ್ರತಿಯೊಂದು ಬಲ್ಬನ್ನೂ ಇನ್ನೊಮ್ಮೆ ಅಲ್ಲಾಡಿಸಿ, ಗಲಗಲ ಕೇಳಿ, ಆಮೇಲೇ ನನ್ನ ಕೈಗೆ ಕೊಡುತ್ತಿದ್ದರು. ಸತ್ತ ದೀಪಗಳನ್ನು ಅಷ್ಟು ಭಕ್ತಿಯಿಂದ ಯಾರೂ ತೂಗುಹಾಕಿರಲಾರರು. ಇವು ಹತ್ತದಿದ್ದರೆ ಊರವರು ನನ್ನ ಕೆಲಸವೇ ಕೆಟ್ಟದ್ದು ಅನ್ನುತ್ತಾರೆ, ಹೆಣ್ಣೂ ಹೋಗುತ್ತದೆ, ಕಸುಬೂ ಹೋಗುತ್ತದೆ ಎಂದು ಏಣಿಯ ಮೇಲೆ ನಿಂತೇ ಬೆವರುತ್ತಿದ್ದೆ.

ಕರೆಂಟು ಬಂದ ದಿನ ಅಮಲ್ದಾರರು ತಾಲ್ಲೂಕು ಕಚೇರಿಯ ಮುಂದೆ ಬೀದಿದೀಪ ಹಚ್ಚಿದರು. ಊರಿನಲ್ಲಿ ವೈರಿಂಗ್ ಆಗಿದ್ದ ಮೊದಲ ಮನೆ ಸಾಹುಕಾರರದೇ ಆದ್ದರಿಂದ ಜನವೆಲ್ಲ ಅಲ್ಲಿಂದ ಮಂಡಿಯ ಕಡೆ ಬಂದರು. ಮುಸ್ಸಂಜೆ. ಸಾಹುಕಾರರು ಜರಿ ರುಮಾಲು ಸುತ್ತಿ, ಹಣೆ ತುಂಬ ವಿಭೂತಿ ಹಚ್ಚಿ, ಮನೆಯ ಸ್ವಿಚ್ಚುಗಳನ್ನೆಲ್ಲ ಮೊದಲೇ ಒತ್ತಿಸಿಟ್ಟು, ಇಡೀ ಮನೆಗೆ ಕರೆಂಟು ಬಿಡುವ ನಡುಮನೆಯ ದೊಡ್ಡ ಸ್ವಿಚ್ಚಿನ ಮುಂದೆ ನಿಂತರು. ಕಾಯಿ ಒಡೆಯಿತು, ಮಂಗಳಾರತಿ ಆಯಿತು. ಅವರು ಸ್ವಿಚ್ಚು ಮೇಲೆತ್ತಿದರು.

ಏನೂ ಆಗಲಿಲ್ಲ. ಜಗಲಿ ಕತ್ತಲು, ನಡುಮನೆ ಕತ್ತಲು, ದೇವರ ಕೋಣೆ ಕತ್ತಲು. ಆದರೆ ಹಿಂದಿನಿಂದ ಹಾಲು ಚೆಲ್ಲಿದ ಹಾಗೆ ಬೆಳಕು ಬಂತು. ಎಲ್ಲರೂ ತಿರುಗಿ ನೋಡಿದರು. ಅಡಿಗೆಮನೆಯ ಬಾಗಿಲಲ್ಲಿ, ಆ ಒಂದೇ ಒಂದು ಕೊಸರಿನ ಬಲ್ಬಿನ ಕೆಳಗೆ, ಕೈಯಲ್ಲಿ ಸೌಟು ಹಿಡಿದು ಹುಡುಗಿ ನಿಂತಿದ್ದಳು. ಅವಳ ಮುಖವನ್ನು ನಾನು ಸರಿಯಾಗಿ ಕಂಡದ್ದು ಆಗಲೇ.

ಜನರ ನಡುವೆ ಗುಸುಗುಸು ಶುರುವಾಯಿತು. ಆವತ್ತು ಜಗಲಿಯ ಮೇಲಿದ್ದವರಿಗೆಲ್ಲ ನನ್ನ ಮಾತು ನೆನಪಿತ್ತು. ನಕ್ಕಿದ್ದ ದಲ್ಲಾಳಿಯೇ ಈಗ ಪಕ್ಕದವನ ಕಿವಿಯಲ್ಲಿ ಏನೋ ಊದುತ್ತಿದ್ದ. ನಾನು ಬಾಯಿಬಿಟ್ಟು, ‘ಆವತ್ತೇ ಹೇಳಿರಲಿಲ್ಲವೇ’ ಎಂದಿದ್ದರೆ ಸಾಕಿತ್ತು, ನನ್ನ ಕಸುಬಿಗೆ ಬಂದ ಕುತ್ತು ಅಲ್ಲಿಗೇ ಕಳೆಯುತ್ತಿತ್ತು. ಆದರೆ ಸಾಹುಕಾರರ ಕಡೆ ನೋಡಿದೆ. ಅವರ ಕೈ ತನ್ನಷ್ಟಕ್ಕೆ ತಾನೇ ಕಿವಿಯ ಹತ್ತಿರ ಹೋಗಿತ್ತು. ಅಷ್ಟು ದೊಡ್ಡ ಮನುಷ್ಯ ಹೆದರಿಬಿಟ್ಟಿದ್ದರು. ನಾಳೆಯಿಂದ ಅವರ ಗಲಗಲವನ್ನು ಯಾರು ನಂಬುತ್ತಾರೆ? ನನಗೆ ಬಹಳ ಪಾಪ ಅನ್ನಿಸಿತು.

“ಕರೆಂಟು ಇನ್ನೂ ಎಳೇದು” ಎಂದೆ ಗಟ್ಟಿಯಾಗಿ. ಎಲ್ಲಿಂದ ಬಂತೋ ಆ ಮಾತು, ದೇವರಿಗೇ ಗೊತ್ತು. “ಇವತ್ತು ತಾನೇ ಊರಿಗೆ ಬಂದೈತೆ. ಎಳೇ ಕರೆಂಟಿಗೆ ಹಸಿ ಬಲ್ಬೇ ಆಗೋದು. ಪಕ್ಕಾ ಮಾಲು ತಡ್ಕಳ್ಳೋವಷ್ಟು ಬಲಿತಿಲ್ಲ ಅದು.”

ಯಾರಾದರೂ ನಗುತ್ತಾರೆಂದು ಕಾದೆ. ಯಾರೂ ನಗಲಿಲ್ಲ. ಎಳೆಯದು ಬಲಿತದ್ದು ಅಂದರೆ ನಮ್ಮ ಜನಕ್ಕೆ ಅರ್ಥವಾಗುತ್ತದೆ. ಒಬ್ಬರು, “ಮತ್ತೆ? ನೆಟ್ಟ ದಿನವೇ ಕಾಯಿ ಬಿಡ್ತೈತಾ?” ಎಂದರು. ಸುತ್ತಲಿದ್ದವರು ಹೌದು ಹೌದೆಂದರು.

ಅಡಿಗೆಮನೆಯ ಬಾಗಿಲಿನಿಂದ ಹುಡುಗಿ ಕೂಗಿದಳು. “ಅಪ್ಪಾಜಿ, ಕೊಸರಿಂದು ಚೆನ್ನಾಗಿ ಉರೀತೈತೆ. ಅಟ್ಟದಾಗಿನ ಹಸೀವನ್ನೇ ಎಲ್ಲಾ ಕಡೆ ಹಾಕಿಸ್ರಿ.”

ಪೆಟ್ಟಿಗೆ ಇಳಿಯಿತು. ದೊಡ್ಡ ಸ್ವಿಚ್ಚು ಇಳಿಸಿ, ಮನೆಯವರು ಹಿಡಿದ ಲಾಟೀನಿನ ಬೆಳಕಿನಲ್ಲಿ ನಾನು ಏಣಿ ಹೊತ್ತು ಓಡಾಡಿ ಬಲ್ಬು ಬದಲಾಯಿಸಿದೆ. ಎರಡನೆಯ ಸಲ ಸ್ವಿಚ್ಚು ಎತ್ತಿದಾಗ ಕೊಟ್ಟಿಗೆಯಿಂದ ಜಗಲಿಯವರೆಗೆ ಮನೆ ಝಗ್ಗೆಂದಿತು. ಕೊಟ್ಟಿಗೆಯ ಎಮ್ಮೆಗಳು ಒಟ್ಟಿಗೆ ಕೂಗಿಕೊಂಡವು. ಅಲ್ಲಿಂದ ಮುಂದೆ ಒಂದು ವರ್ಷ ಹೊಸದುರ್ಗದಲ್ಲಿ ನನಗೆ ಕೆಲಸ ಕೊಟ್ಟವರೆಲ್ಲ ಮೊದಲು ಕೇಳಿದ್ದು, “ಬಲ್ಬು ಹಸೀದು ತಾನೇ?” ಮರುವರ್ಷ ಕೆಲವರು ಬಂದು, ಕರೆಂಟು ಈಗ ಬಲಿತಿರಬೇಕಲ್ಲ, ಪಕ್ಕಾ ಬಲ್ಬು ಯಾವಾಗ ಶುರು ಮಾಡುತ್ತೀರಿ ಎಂದೂ ವಿಚಾರಿಸಿದರು.

ದೀಪ ಹತ್ತಿದ ಮರುದಿನ ಬೆಳಿಗ್ಗೆ ಸಾಹುಕಾರರು ನನ್ನೊಬ್ಬನನ್ನೇ ಅಟ್ಟಕ್ಕೆ ಕರೆದರು. ಸುತ್ತ ಕಾಯಿಯ ರಾಶಿ. ಕೈಯಲ್ಲಿ ಸುಣ್ಣದ ಬೊಟ್ಟಿನ ಒಂದು ಬಲ್ಬು. “ನಿಜ ಹೇಳಪ್ಪ. ಕೆಟ್ಟದ್ದೇ ಅಲ್ವಾ ಇದು?”

“ಹೌದು ಯಜಮಾನ್ರೆ.”

“ಅಂದ್ರೆ ನನ್ನ ಕಿವಿ ಹೋತಾ?”

“ಕಿವಿ ಸರಿಯಾಗೇ ಐತೆ. ಗಲಗಲ ಅಂದದ್ದು ನಿಜ, ನೀವು ಕೇಳಿದ್ದೂ ನಿಜ. ಮಾಲು ಬೇರೆ, ಅಷ್ಟೇ.”

ಅವರು ಬಲ್ಬನ್ನು ಪಕ್ಕಕ್ಕಿಟ್ಟರು. ಆಮೇಲೆ ಒಂದು ತೆಂಗಿನಕಾಯಿ ಎತ್ತಿ ಅಲ್ಲಾಡಿಸಿ ಕೇಳಿದರು. ಅದು ಗಲಗಲ ಎಂದಾಗ ಅವರಿಗೆ ಉಸಿರು ಬಂತು. “ನಿನ್ನ ರೇಟು ಒಪ್ಪಿಗೆ” ಎಂದರು. ಯಾವ ರೇಟು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಕೆಳಗೆ ಬಂದು ಹೇಳಿದಾಗ ಮಾವ ಅದು ಹೆಣ್ಣಿನ ಮಾತೆಂದು ಅರ್ಥಮಾಡಿಕೊಂಡು, ಪುರೋಹಿತರನ್ನು ಕರೆತರಲು ಜಂಗಮರ ಬೀದಿಗೆ ಓಡಿದರು.

ಮದುವೆಯಾಗಿ ಅವಳನ್ನು ದುರ್ಗದ ನನ್ನ ಬಾಡಿಗೆ ಮನೆಗೆ ಕರೆದುಕೊಂಡು ಬಂದೆ. ಅಲ್ಲಿ ಕರೆಂಟಿತ್ತು. ಪೆಟ್ಟಿಗೆ ಬಿಚ್ಚುವಾಗ ಸೀರೆಗಳ ನಡುವೆ ಹತ್ತಿಯಲ್ಲಿ ಸುತ್ತಿದ ಒಂದು ಬಲ್ಬು ಸಿಕ್ಕಿತು, ಸುಣ್ಣದ ಬೊಟ್ಟಿನದು. ಬಳುವಳಿಯ ಮೇಲೆ ಅಪ್ಪ ಕೊಟ್ಟ ಕೊಸರು ಎಂದಳು. ಅದನ್ನು ತಾನೇ ಸ್ಟೂಲು ಹತ್ತಿ ಅಡಿಗೆಮನೆಯ ಹೋಲ್ಡರಿಗೆ ಸಿಕ್ಕಿಸಿ, ಇಳಿದು ಬಂದು ಸ್ವಿಚ್ಚು ಒತ್ತಿದಳು. ಹತ್ತಲಿಲ್ಲ. ಆವತ್ತು ಕಂಬದ ಮುಂದೆ ನಕ್ಕಂತೆಯೇ ನಕ್ಕಳು.

“ನಾನು ಆವತ್ತೇ ಹೇಳಿದ್ದೆನಲ್ಲ” ಎಂದೆ. ಇಷ್ಟು ದಿನ ನುಂಗಿಕೊಂಡಿದ್ದ ಮಾತು ಕೊನೆಗೂ ಹೊರಗೆ ಬಂತು.

“ಗೊತ್ತು. ಒಳಗೆ ಕೇಳಿಸ್ತು. ಅಪ್ಪಾಜಿ ನೀರಿಗೆ ಬಂದಾಗ, ಹೆಂಗಸರಿಗೆ ಹಸೀದೇ ಸಾಕು, ಅಡಿಗೆಮನಿಗೆ ಹಾಕಿಸ್ರಿ ಅಂದೋಳು ನಾನೇ.”

ಆವತ್ತು ಅಷ್ಟೊಂದು ಜನ ನಕ್ಕಿದ್ದರು, ನನ್ನ ಸೋದರಮಾವನೇ ಪಂಚೆ ಎಳೆದು ಕೂರಿಸಿದ್ದರು. “ನೀನು ಹೆಂಗೆ ನಂಬಿದೆ? ನಿಂಗೆ ನನ್ನ ಮುಖವೂ ಕಂಡಿರಲಿಲ್ಲ” ಎಂದೆ.

“ಮುಖ ಯಾಕೆ ಬೇಕು? ನಾನು ಯಾರ ಮಗಳು?” ಎಂದಳು. “ಬಾಗಿಲ ಹಿಂದೆ ನಿಂತು ನಿಮ್ಮ ಮಾತು ಕೇಳ್ದೆ. ಒಳಗೆ ಏನೂ ಗಲಗಲ ಅನ್ಲಿಲ್ಲ.”

“ಅಂದ್ರೆ ನಾನು ಹಸಿ?”

“ಹ್ಞೂಂ” ಎಂದಳು, ಸತ್ತ ಬಲ್ಬನ್ನು ಬಿಚ್ಚಿ ನನ್ನ ಕೈಗೆ ಕೊಡುತ್ತ. “ಈಗ ಹತ್ತೋದು ಒಂದು ಹಾಕ್ರಿ. ಅಡಿಗೆ ಮಾಡ್ಬೇಕು.”